ಕಪ್ ಗೆದ್ದ ರಾಚೆಸ್ಟರ್ ರೈನೋಸ್ ದೊಡ್ಡ ಲೀಗ್‌ಗೆ ಯಾಕೆ ಹೋಗಲಿಲ್ಲ?

ಓದುಗರ ಪ್ರಶ್ನೆ: 1999ರಲ್ಲಿ ಅಮೆರಿಕದ ಎರಡನೇ ದರ್ಜೆಯ ಫುಟ್‌ಬಾಲ್ ತಂಡ ರಾಚೆಸ್ಟರ್ ರೈನೋಸ್, ಅಲ್ಲಿನ ಅತಿ ದೊಡ್ಡ ಲೀಗ್ ಆದ ಎಂಎಲ್‌ಎಸ್‌ನ ನಾಲ್ಕು ತಂಡಗಳನ್ನು ಸೋಲಿಸಿ, ಎಲ್ಲ ದರ್ಜೆಯ ತಂಡಗಳೂ ಆಡುವ ಓಪನ್ ಕಪ್ ಗೆದ್ದಿತ್ತು ಅಂತ ಓದಿದೆ. ಅಷ್ಟು ಚೆನ್ನಾಗಿ ಆಡುತ್ತಿದ್ದ ತಂಡ ಎಂಎಲ್‌ಎಸ್‌ಗೆ ಯಾಕೆ ಸೇರಲಿಲ್ಲ? ಈಗ ಅದು ಎಲ್ಲಿದೆ?

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ಗೆದ್ದು ಎಂಎಲ್‌ಎಸ್‌ಗೆ ಹೋಗುವ ದಾರಿ ಇಲ್ಲ. ದುಡ್ಡು ಕಟ್ಟಿ ಹೋಗಬೇಕು, ಅದೂ ಒಳಗಿರುವವರು ಬಾಗಿಲು ತೆರೆದಾಗ ಮಾತ್ರ. ರೈನೋಸ್ ಮೆರೆಯುತ್ತಿದ್ದಾಗ ಆ ಮನೆಯೇ ಕುಸಿಯುವ ಹಾಗಿತ್ತು. ಮನೆ ಗಟ್ಟಿಯಾಗಿ ಬಾಗಿಲು ತೆರೆಯುವ ಹೊತ್ತಿಗೆ ರೈನೋಸ್ ಕೈ ಬರಿದಾಗಿತ್ತು. ಆ ಕ್ಲಬ್ ಈಗ ಇಲ್ಲ.

ಆದರೆ ಇದು ಇಷ್ಟಕ್ಕೇ ಮುಗಿಸುವ ಕಥೆಯಲ್ಲ. ನನಗೆ ಅಮೆರಿಕದ ಫುಟ್‌ಬಾಲ್ ಚರಿತ್ರೆಯಲ್ಲೇ ತುಂಬಾ ಇಷ್ಟವಾದ ತಂಡ ಇದು. ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ರಾಚೆಸ್ಟರ್ ಇರುವುದು ನ್ಯೂಯಾರ್ಕ್ ರಾಜ್ಯದಲ್ಲಿ. ಹಾಗಂತ ನ್ಯೂಯಾರ್ಕ್ ನಗರದ ಪಕ್ಕದ ಊರಲ್ಲ. ಅಲ್ಲಿಂದ ಕಾರಿನಲ್ಲಿ ಐದಾರು ಗಂಟೆ ದೂರ, ಒಂಟಾರಿಯೋ ಸರೋವರದ ದಡದಲ್ಲಿದೆ. ಕೊಡಾಕ್ ಕ್ಯಾಮೆರಾ ಕಂಪನಿಯ ಊರು ಅಂದರೆ ಬೇಗ ಗೊತ್ತಾಗುತ್ತೆ, ಅಲ್ವಾ? ನಮ್ಮ ಹಳೇ ಮದುವೆ ಫೋಟೋಗಳ ಫಿಲ್ಮ್ ರೋಲಿನ ಮೇಲೆ ಇದ್ದ ಹೆಸರು ಅದೇ.

ಈ ಊರಿಗೆ ಫುಟ್‌ಬಾಲ್ ಹೊಸದೇನಲ್ಲ. 1970ರಲ್ಲಿ ರಾಚೆಸ್ಟರ್ ಲ್ಯಾನ್ಸರ್ಸ್ ಅನ್ನುವ ತಂಡ ಆಗಿನ ದೊಡ್ಡ ಲೀಗ್ ಎನ್‌ಎಎಸ್‌ಎಲ್ ಅನ್ನೇ ಗೆದ್ದಿತ್ತು. ಮರುವರ್ಷ ಅದೇ ಲ್ಯಾನ್ಸರ್ಸ್ ಡಲ್ಲಾಸ್ ಟೊರ್ನಾಡೊ ವಿರುದ್ಧ ಆಡಿದ ಒಂದು ಪಂದ್ಯ 176 ನಿಮಿಷ ನಡೆಯಿತು. ಯಾರಾದರೂ ಗೋಲು ಹೊಡೆಯುವ ತನಕ ಆಡುತ್ತಲೇ ಇರಬೇಕು ಅನ್ನುವ ನಿಯಮ. ಸುಮಾರು ಮೂರು ಗಂಟೆ ಓಡಿದ ಮೇಲೆ ಕಾರ್ಲೋಸ್ ಮೆಟಿಡಿಯೇರಿ ಗೋಲು ಹೊಡೆದು ಎಲ್ಲರನ್ನೂ ಮನೆಗೆ ಕಳಿಸಿದರು. ಸೋತ ಡಲ್ಲಾಸ್ ತಂಡದ ಮಾಲೀಕರು ಲಾಮರ್ ಹಂಟ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1984ರ ಸೀಸನ್ ಆದ ಮೇಲೆ ಎನ್‌ಎಎಸ್‌ಎಲ್ ಮುಚ್ಚಿಹೋಯಿತು. 1994ರ ವಿಶ್ವಕಪ್ ಅಮೆರಿಕಕ್ಕೆ ಸಿಕ್ಕಾಗ, ಒಂದು ಗಟ್ಟಿಯಾದ ವೃತ್ತಿಪರ ಲೀಗ್ ಕಟ್ಟುತ್ತೇವೆ ಅಂತ ಅಲ್ಲಿನ ಫುಟ್‌ಬಾಲ್ ಸಂಸ್ಥೆಯವರು ಮಾತು ಕೊಟ್ಟಿದ್ದರು. ಆ ಮಾತಿನಿಂದ ಹುಟ್ಟಿದ್ದು ಎಂಎಲ್‌ಎಸ್. 1996ರಲ್ಲಿ ಹತ್ತು ತಂಡಗಳೊಂದಿಗೆ ಶುರುವಾಯಿತು. ಅದೇ ವರ್ಷ, ಒಂದು ಮೆಟ್ಟಿಲು ಕೆಳಗಿನ ಎ-ಲೀಗ್‌ನಲ್ಲಿ ರಾಚೆಸ್ಟರ್ ರೇಜಿಂಗ್ ರೈನೋಸ್ ಹುಟ್ಟಿತು. ಕೆರಳಿದ ಘೇಂಡಾಮೃಗಗಳು ಅಂತ ಅರ್ಥ. ಹಿಮ ಸುರಿಯುವ ಊರಿಗೂ ಘೇಂಡಾಮೃಗಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಊರಿನವರು ಆ ಹೆಸರನ್ನು ಮೊದಲ ವರ್ಷದಿಂದಲೇ ಮನೆಮಗುವಿನ ಹೆಸರಿನ ಹಾಗೆ ಕರೆದರು.

ಆಡುತ್ತಿದ್ದದ್ದು ಫ್ರಾಂಟಿಯರ್ ಫೀಲ್ಡ್‌ನಲ್ಲಿ. ಅದು ಬೇಸ್‌ಬಾಲ್‌ಗಾಗಿ ಕಟ್ಟಿದ ಮೈದಾನ. ಬೇಸ್‌ಬಾಲ್ ಮೈದಾನದ ಆಕಾರ ಬೀಸಣಿಗೆಯ ಹಾಗೆ: ಬ್ಯಾಟ್ ಮಾಡುವ ಜಾಗ ಹಿಡಿಯ ಕಡೆ, ಅಲ್ಲಿಂದ ಹುಲ್ಲು ಅಗಲವಾಗುತ್ತಾ ಹೋಗುತ್ತೆ. ಕುರ್ಚಿಗಳು ಜಾಸ್ತಿ ಇರುವುದು ಆ ಹಿಡಿಯ ಸುತ್ತ. ಅದರೊಳಗೆ ಫುಟ್‌ಬಾಲ್‌ನ ಉದ್ದನೆಯ ಚೌಕ ಕೂರಿಸಿದರೆ ಎಲ್ಲೂ ಸರಿಯಾಗಿ ಹೊಂದುವುದಿಲ್ಲ. ಎಷ್ಟೋ ಕುರ್ಚಿಗಳಿಂದ ಒಂದು ಗೋಲು ಹತ್ತಿರ, ಇನ್ನೊಂದು ಎಲ್ಲೋ ದೂರ. ಆದರೂ ಜನ ಬಂದರು. 90ರ ದಶಕದ ಕೊನೆಗೆ ಪಂದ್ಯಕ್ಕೆ ಸರಾಸರಿ 10,000ಕ್ಕಿಂತ ಜಾಸ್ತಿ ಜನ. ಅದೇ ಹೊತ್ತಿನಲ್ಲಿ ಎಂಎಲ್‌ಎಸ್‌ನ ಮಯಾಮಿ ಫ್ಯೂಷನ್ ತಂಡಕ್ಕೆ ಅಷ್ಟು ಜನ ಬರುತ್ತಿರಲಿಲ್ಲ.

ಮೊದಲ ವರ್ಷವೇ ಪ್ಯಾಟ್ ಎರ್ಕೋಲಿ ತರಬೇತಿಯ ತಂಡ ಓಪನ್ ಕಪ್ ಫೈನಲ್ ತಲುಪಿತು. ದಾರಿಯಲ್ಲಿ ಟ್ಯಾಂಪಾ ಬೇ ಮ್ಯೂಟಿನಿ ಮತ್ತು ಕೊಲರಾಡೊ ರ‍್ಯಾಪಿಡ್ಸ್ ತಂಡಗಳನ್ನು ಹೊರಹಾಕಿತು. ಆ ವರ್ಷ ಎಂಎಲ್‌ಎಸ್ ಅಂಕಪಟ್ಟಿಯಲ್ಲಿ ಮೇಲಿದ್ದದ್ದೇ ಮ್ಯೂಟಿನಿ! ಫೈನಲ್‌ನಲ್ಲಿ ಡಿಸಿ ಯುನೈಟೆಡ್ ಕೈಯಲ್ಲಿ 3-0 ಸೋಲು.

ಓಪನ್ ಕಪ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. 1914ರಿಂದ ನಡೆದುಬಂದಿರುವ ಟೂರ್ನಿ. ದೊಡ್ಡ ಲೀಗ್‌ನವರು, ಕೆಳಗಿನ ಲೀಗ್‌ನವರು, ಕೆಲಸ ಮುಗಿಸಿ ಸಂಜೆ ಆಡುವ ಹವ್ಯಾಸಿ ತಂಡದವರು, ಎಲ್ಲರೂ ಒಂದೇ ಪಟ್ಟಿಯಲ್ಲಿ. ಸೋತವರು ಮನೆಗೆ. 1999ರಲ್ಲಿ ಈ ಕಪ್‌ಗೆ ಲಾಮರ್ ಹಂಟ್ ಅವರ ಹೆಸರನ್ನೇ ಇಟ್ಟರು. ಹೌದು, 176 ನಿಮಿಷದ ಪಂದ್ಯ ಸೋತ ಅದೇ ಹಂಟ್. ಆ ಹೊತ್ತಿಗೆ ಅವರು ಎಂಎಲ್‌ಎಸ್ ಕಟ್ಟಿದವರಲ್ಲಿ ಒಬ್ಬರು, ಕೊಲಂಬಸ್ ಕ್ರೂ ತಂಡದ ಒಡೆಯರು.

ಆ ವರ್ಷ ರೈನೋಸ್ ಏನು ಮಾಡಿತು ಅಂತ ಸುಮ್ನೆ ಒಮ್ಮೆ ನೋಡಿ. ಹಿಂದಿನ ವರ್ಷ ಲೀಗೂ ಕಪ್ಪೂ ಎರಡನ್ನೂ ಗೆದ್ದಿದ್ದ ಷಿಕಾಗೊ ಫೈರ್ ವಿರುದ್ಧ 1-0. ಡಲ್ಲಾಸ್ ಬರ್ನ್ ವಿರುದ್ಧ 2-1. ಸೆಮಿಫೈನಲ್‌ನಲ್ಲಿ ಹಂಟ್ ಅವರ ಸ್ವಂತ ಕೊಲಂಬಸ್ ಕ್ರೂ ವಿರುದ್ಧ 3-2. ಸೆಪ್ಟೆಂಬರ್ 14ರ ಫೈನಲ್ ನಡೆದದ್ದು ಕೊಲಂಬಸ್‌ನಲ್ಲಿ, ಹಂಟ್ ಕಟ್ಟಿಸಿ ಕೆಲವೇ ತಿಂಗಳಾಗಿದ್ದ ಹೊಸ ಸ್ಟೇಡಿಯಂನಲ್ಲಿ. ಎದುರಾಳಿ ಕೊಲರಾಡೊ ರ‍್ಯಾಪಿಡ್ಸ್. ಮೈದಾನದಲ್ಲಿ ಐದು ಸಾವಿರ ಜನವೂ ಇರಲಿಲ್ಲ, ಖಾಲಿ ಕುರ್ಚಿಗಳೇ ಜಾಸ್ತಿ. ಮೊದಲರ್ಧ ಗೋಲಿಲ್ಲ. ಎರಡನೇ ಅರ್ಧದಲ್ಲಿ ಡಗ್ ಮಿಲ್ಲರ್ ಒಂದು ಹೊಡೆದರು. ಆಟ ಮುಗಿಯುವ ಹೊತ್ತಿಗೆ ಯಾರಿ ಆಲ್ನಟ್ ಇನ್ನೊಂದು. 2-0. ಹಂಟ್ ಹೆಸರಿನ ಮೊದಲ ಕಪ್ ಹಂಟ್ ಅವರ ಅಂಗಳದಿಂದಲೇ ಎರಡನೇ ದರ್ಜೆಯ ತಂಡದ ಪಾಲಾಯಿತು.

ಇದು ಅದೃಷ್ಟದ ಒಂದು ರಾತ್ರಿಯ ಮಾತಲ್ಲ. 1998, 2000, 2001ರಲ್ಲಿ ಅದೇ ತಂಡ ಎ-ಲೀಗ್ ಚಾಂಪಿಯನ್. ಆ ನಾಲ್ಕು ವರ್ಷ ಅದನ್ನು ಯಾವ ಎಂಎಲ್‌ಎಸ್ ತಂಡವೂ ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ.

ಇಂಗ್ಲೆಂಡ್ ಲೀಗ್ ನೋಡುವವರಿಗೆ ಬಡ್ತಿ ಗೊತ್ತು. ಕೆಳಗಿನ ಲೀಗ್‌ನಲ್ಲಿ ಮೇಲಿನ ಸ್ಥಾನ ಬಂದವರು ಮುಂದಿನ ವರ್ಷ ಒಂದು ಹಂತ ಮೇಲೆ, ಮೇಲಿನ ಲೀಗ್‌ನಲ್ಲಿ ಕೊನೆಗೆ ಉಳಿದವರು ಕೆಳಗೆ. ಎಂಎಲ್‌ಎಸ್ ಹಾಗಲ್ಲ. ಐಪಿಎಲ್‌ನಲ್ಲಿ ಕೊನೇ ಸ್ಥಾನ ಬಂದ ತಂಡವೂ ಮುಂದಿನ ವರ್ಷ ಆಡುತ್ತದಲ್ಲ, ಹಾಗೆ. ಎಂಎಲ್‌ಎಸ್ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ತಂಡಗಳೆಲ್ಲ ಲೀಗ್ ಅನ್ನುವ ಒಂದೇ ಕಂಪನಿಗೆ ಸೇರಿದ್ದು. ನಾವು ಮಾಲೀಕರು ಅಂತ ಕರೆಯುವವರು ಆ ಕಂಪನಿಯ ಪಾಲುದಾರರು. ತಮ್ಮ ಊರಿನ ತಂಡವನ್ನು ನಡೆಸುವ ಹಕ್ಕು ಅವರಿಗಿರುತ್ತೆ, ಅಷ್ಟೆ. ಆಟಗಾರರ ಒಪ್ಪಂದವೂ ಲೀಗ್ ಜೊತೆಗೇ. ಇದು ಸರಿಯಲ್ಲ ಅಂತ ಆಟಗಾರರು 1997ರಲ್ಲಿ ಕೋರ್ಟಿಗೂ ಹೋದರು, ಸೋತರು.

ಹಾಗಾಗಿ ಹೊಸ ತಂಡ ಸೇರುವುದು ಅಂದರೆ ಕಂಪನಿಯಲ್ಲಿ ಹೊಸ ಪಾಲು ಕೊಳ್ಳುವುದು. ಕಪ್ ಗೆದ್ದವನು ಪಾಲುದಾರನಾಗಬೇಕು ಅಂತ ಯಾವ ಕಂಪನಿಯ ಪುಸ್ತಕದಲ್ಲಿ ಬರೆದಿರುತ್ತೆ?

ಜೊತೆಗೆ ಅಮೆರಿಕದ ಫುಟ್‌ಬಾಲ್ ಸಂಸ್ಥೆಯದೇ ದರ್ಜೆ ನಿಯಮಗಳಿವೆ. ಮೊದಲ ದರ್ಜೆ ಲೀಗ್‌ನ ತಂಡಕ್ಕೆ ಕನಿಷ್ಠ 15,000 ಜನ ಹಿಡಿಸುವ ಸ್ಟೇಡಿಯಂ ಬೇಕು. ಮುಖ್ಯ ಮಾಲೀಕರ ಆಸ್ತಿ ಕನಿಷ್ಠ 4 ಕೋಟಿ ಡಾಲರ್ ಇರಬೇಕು. ಇದು ಕೆಟ್ಟ ಉದ್ದೇಶದ್ದೇನಲ್ಲ. ಅಮೆರಿಕದಲ್ಲಿ ಫುಟ್‌ಬಾಲ್ ತಂಡಗಳು ಎಷ್ಟು ಸಲ ರಾತ್ರೋರಾತ್ರಿ ಬಾಗಿಲು ಹಾಕಿವೆ ಅಂದರೆ, ಕಿಸೆ ಗಟ್ಟಿ ಇರುವವರನ್ನೇ ಹುಡುಕುವ ಭಯ ನನಗೂ ಅರ್ಥವಾಗುತ್ತೆ. ಆದರೆ ಇಲ್ಲಿ ಅಳೆಯುವುದು ಆಟವನ್ನಲ್ಲ, ಮಾಲೀಕರನ್ನು. ನನಗೆ ನೋವಾಗುವುದು ಅದಕ್ಕೇ.

ಈ ಪದ್ಧತಿಯನ್ನು ಮಯಾಮಿ ಎಫ್‌ಸಿ ಮತ್ತು ಕಿಂಗ್‌ಸ್ಟನ್ ಸ್ಟಾಕೇಡ್ ಅನ್ನುವ ಎರಡು ಕೆಳದರ್ಜೆ ಕ್ಲಬ್‌ಗಳು 2017ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯದಲ್ಲಿ ಪ್ರಶ್ನಿಸಿದವು. 2020ರಲ್ಲಿ ಅರ್ಜಿ ವಜಾ ಆಯಿತು. ಈಚೆಗೆ ಕೆಳಗಿನ ಲೀಗ್‌ಗಳನ್ನು ನಡೆಸುವ ಯುಎಸ್‌ಎಲ್ ಸಂಸ್ಥೆ ತನ್ನದೇ ಮೊದಲ ದರ್ಜೆ ಲೀಗ್ ಕಟ್ಟಿ, ತನ್ನ ತಂಡಗಳ ನಡುವೆ ಬಡ್ತಿ, ಹಿಂಬಡ್ತಿ ತರುವ ಯೋಜನೆ ಹಾಕಿದೆ. 2025ರ ಮಾರ್ಚ್‌ನಲ್ಲಿ ಅದರ ಮಾಲೀಕರು ಇದಕ್ಕೆ ಮತ ಹಾಕಿದರು. ಎಂಎಲ್‌ಎಸ್ ಬಾಗಿಲಿಗೂ ಇದಕ್ಕೂ ಸಂಬಂಧವಿಲ್ಲ.

ಸರಿ, ದುಡ್ಡು ಕೊಟ್ಟೇ ಸೇರಬಹುದಿತ್ತಲ್ಲ? ರಾಚೆಸ್ಟರ್‌ನವರಿಗೆ ಆ ಆಸೆ ಬಲವಾಗಿಯೇ ಇತ್ತು. ಆದರೆ ಕಾಲ ಕೂಡಿಬರಲಿಲ್ಲ. 1999ರಿಂದ 2001ರವರೆಗೆ ರೈನೋಸ್ ಉತ್ತುಂಗದಲ್ಲಿದ್ದಾಗ ಎಂಎಲ್‌ಎಸ್ ಕೋಟಿಗಟ್ಟಲೆ ಡಾಲರ್ ಕಳೆದುಕೊಳ್ಳುತ್ತಿತ್ತು. 2002ರ ಆರಂಭದಲ್ಲಿ ಮಯಾಮಿ ಮತ್ತು ಟ್ಯಾಂಪಾ ತಂಡಗಳನ್ನು ಮುಚ್ಚಿ ಹನ್ನೆರಡರಿಂದ ಹತ್ತಕ್ಕೆ ಇಳಿಯಿತು. ಆ ಹತ್ತು ತಂಡಗಳನ್ನು ಹೊತ್ತು ನಿಂತದ್ದು ಮೂರೇ ಮನೆತನ: ಆನ್‌ಶುಟ್ಸ್, ಹಂಟ್, ಕ್ರಾಫ್ಟ್. ಇದ್ದವರನ್ನೇ ಕಡಿಮೆ ಮಾಡುತ್ತಿರುವ ಮನೆಗೆ ಹೊಸ ನೆಂಟರನ್ನು ಯಾರು ಕರೆಯುತ್ತಾರೆ?

ಎಂಎಲ್‌ಎಸ್ ಮತ್ತೆ ತಂಡ ಸೇರಿಸಿಕೊಂಡದ್ದು 2005ರಲ್ಲಿ. ಆಗ ಬಂದದ್ದು ಲಾಸ್ ಏಂಜಲೀಸ್‌ನ ಚಿವಾಸ್ ಯುಎಸ್‌ಎ ಮತ್ತು ರಿಯಲ್ ಸಾಲ್ಟ್ ಲೇಕ್. ಸಾಲ್ಟ್ ಲೇಕ್ ಏನೂ ಮಹಾನಗರವಲ್ಲ. ಆದರೆ ಅದರ ಹಿಂದೆ ಡೇವ್ ಚೆಕೆಟ್ಸ್ ಇದ್ದರು, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ನಡೆಸಿ ಬಂದವರು. ರಾಚೆಸ್ಟರ್‌ಗೆ ಅಂಥವರು ಸಿಗಲಿಲ್ಲ. ಊರಿನ ದೊಡ್ಡಣ್ಣ ಕೊಡಾಕ್ ಕೂಡ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ವರ್ಷ ವರ್ಷ ಕೆಲಸಗಾರರನ್ನು ಮನೆಗೆ ಕಳಿಸುತ್ತಿತ್ತು.

ರೈನೋಸ್ ಇಟ್ಟ ಪಣ ಒಂದೇ, ಸ್ವಂತ ಸ್ಟೇಡಿಯಂ. ಫುಟ್‌ಬಾಲ್‌ಗೆಂದೇ ಕಟ್ಟಿದ ಪೇಟೆಕ್ ಪಾರ್ಕ್ 2006ರ ಜೂನ್‌ನಲ್ಲಿ ತೆರೆಯಿತು. ಮೊದಲು ಅಂದುಕೊಂಡದ್ದು ಇನ್ನೂ ದೊಡ್ಡದು, ಕಟ್ಟಿದ್ದು ಸುಮಾರು 13,700 ಜನ ಹಿಡಿಸುವಷ್ಟು. ಬೀಸಣಿಗೆ ಮೈದಾನದಲ್ಲಿ ಹತ್ತು ವರ್ಷ ಕತ್ತು ತಿರುಗಿಸಿ ನೋಡಿದ ಜನರಿಗೆ ಕೊನೆಗೂ ನೇರವಾಗಿ ಕೂತು ನೋಡುವ ಜಾಗ ಸಿಕ್ಕಿತು. ಆದರೆ ಸ್ಟೇಡಿಯಂ ಕನಸು ತಂಡದ ಬೆನ್ನು ಮುರಿಯಿತು. 2008ರಲ್ಲಿ ಕ್ಲಬ್ ಬೇರೆಯವರ ಕೈ ಸೇರಿತು. ಸ್ಟೇಡಿಯಂ ಹೆಸರು ಪ್ರಾಯೋಜಕರ ಜೊತೆ ಬದಲಾಗುತ್ತಾ ಹೋಯಿತು. ಇತ್ತ ಎಂಎಲ್‌ಎಸ್ ಸೇರುವ ಬೆಲೆ ಏರುತ್ತಲೇ ಇತ್ತು. 2007ರಲ್ಲಿ ಟೊರಾಂಟೊ ಕೊಟ್ಟದ್ದು 1 ಕೋಟಿ ಡಾಲರ್. 2023ರಲ್ಲಿ ಸ್ಯಾನ್ ಡಿಯಾಗೊ ಒಪ್ಪಿದ್ದು 50 ಕೋಟಿ.

ನನ್ನ ಅಭಿಪ್ರಾಯದಲ್ಲಿ ರೈನೋಸ್ ಮಾಡಿದ ತಪ್ಪು ಬೇಗ ಹುಟ್ಟಿದ್ದು ಮಾತ್ರ. ಎಫ್‌ಸಿ ಸಿನ್ಸಿನಾಟಿ ನೋಡಿ. ಅದೂ ಕೆಳದರ್ಜೆಯ ಲೀಗ್‌ನಲ್ಲೇ 2016ರಲ್ಲಿ ಆಟ ಶುರುಮಾಡಿತು. ಜನ ತುಂಬಿ ಬಂದರು, 2017ರಲ್ಲಿ ಓಪನ್ ಕಪ್ ಸೆಮಿಫೈನಲ್ ಆಡಿತು, 2019ರಲ್ಲಿ ಎಂಎಲ್‌ಎಸ್‌ನಲ್ಲಿತ್ತು. ಕಪ್ ಗೆದ್ದಿರಲೂ ಇಲ್ಲ! ಆದರೆ ಎಂಎಲ್‌ಎಸ್ ಕೈಬೀಸಿ ಕರೆಯುತ್ತಿದ್ದ ಕಾಲ ಅದು, ಮತ್ತು ಅಲ್ಲಿ ಲಿಂಡ್ನರ್ ಮನೆತನದ ದುಡ್ಡಿತ್ತು.

ಈಗ ಎರಡನೇ ಪ್ರಶ್ನೆ, ಆ ತಂಡ ಎಲ್ಲಿ ಹೋಯಿತು?

ಆರಿಹೋಗುವ ಮುಂಚೆ ಒಮ್ಮೆ ಚೆನ್ನಾಗಿ ಉರಿಯಿತು. 2015ರಲ್ಲಿ ಬಾಬ್ ಲಿಲ್ಲಿ ತರಬೇತಿಯಲ್ಲಿ ಲೀಗ್ ಹಂತದ 28 ಪಂದ್ಯಗಳಲ್ಲಿ ಒಂದೇ ಒಂದು ಸೋಲು. ಫೈನಲ್‌ನಲ್ಲಿ ಎಂಎಲ್‌ಎಸ್ ಕ್ಲಬ್ಬೊಂದರ ಮೀಸಲು ತಂಡ ಎಲ್‌ಎ ಗ್ಯಾಲಕ್ಸಿ ಟು ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೆದ್ದು ಯುಎಸ್‌ಎಲ್ ಚಾಂಪಿಯನ್ ಆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2017ರ ಕೊನೆಗೆ, ದುಡ್ಡಿಲ್ಲದೆ ಆಟ ನಿಲ್ಲಿಸಿತು.

2021ರಲ್ಲಿ ಒಬ್ಬ ಹೊಸ ಪಾಲುದಾರ ಬಂದರು. ಆಗ ಇಂಗ್ಲೆಂಡಿನ ಲೆಸ್ಟರ್ ಸಿಟಿ ತಂಡದಲ್ಲಿ ಆಡುತ್ತಿದ್ದ ಜೇಮಿ ವಾರ್ಡಿ. ಈ ಭಾಗ ಓದುವಾಗ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತೆ. ಯಾಕೆಂದರೆ ವಾರ್ಡಿ ಇಂಗ್ಲೆಂಡಿನ ತೀರಾ ಕೆಳಗಿನ ಲೀಗ್‌ಗಳಿಂದ ಮೆಟ್ಟಿಲು ಹತ್ತಿ ಬಂದವರು. ಅವರ ಗೋಲುಗಳ ಬಲದಿಂದ ಫ್ಲೀಟ್‌ವುಡ್ ಟೌನ್ 2012ರಲ್ಲಿ ಬಡ್ತಿ ಪಡೆದು ಫುಟ್‌ಬಾಲ್ ಲೀಗ್‌ಗೆ ಬಂತು. ಅವರ ಲೆಸ್ಟರ್ ಕೂಡ 2008-09ರಲ್ಲಿ ಮೂರನೇ ದರ್ಜೆಯಲ್ಲಿದ್ದ ತಂಡ. 2016ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿತು. ಏಣಿ ಇದ್ದ ದೇಶದಿಂದ ಬಂದವರು ಏಣಿ ಇಲ್ಲದ ದೇಶದ ಕ್ಲಬ್ಬಿನ ಜೊತೆ ಕೈ ಜೋಡಿಸಿದರು.

ಹಳೇ ಹೆಸರು ಹೋಗಿ ರಾಚೆಸ್ಟರ್ ನ್ಯೂಯಾರ್ಕ್ ಎಫ್‌ಸಿ ಅಂತಾಯಿತು. 2022ರಲ್ಲಿ ಅದು ಸೇರಿದ್ದು ಎಂಎಲ್‌ಎಸ್ ನೆಕ್ಸ್ಟ್ ಪ್ರೊ ಅನ್ನುವ ಮೂರನೇ ದರ್ಜೆಯ ಹೊಸ ಲೀಗ್. ಅಲ್ಲಿ ಉಳಿದವೆಲ್ಲ ಎಂಎಲ್‌ಎಸ್ ಕ್ಲಬ್‌ಗಳ ಮೀಸಲು ತಂಡಗಳು. ಸ್ವಂತ ಕಾಲಿನ ಮೇಲೆ ನಿಂತದ್ದು ರಾಚೆಸ್ಟರ್ ಒಂದೇ. ಒಂದು ಸೀಸನ್ ಆಡಿತು. 2023ರ ಮಾರ್ಚ್‌ನಲ್ಲಿ ಕ್ಲಬ್ ಮುಚ್ಚಿತು.

ರಾಚೆಸ್ಟರ್ ಆ ಕೊನೆಯ ಸೀಸನ್ ಆಡುತ್ತಿದ್ದ 2022ರಲ್ಲೇ, ಯುಎಸ್‌ಎಲ್‌ನ ಸ್ಯಾಕ್ರಮೆಂಟೊ ರಿಪಬ್ಲಿಕ್ ಮೂರು ಎಂಎಲ್‌ಎಸ್ ತಂಡಗಳನ್ನು ಸೋಲಿಸಿ ಓಪನ್ ಕಪ್ ಫೈನಲ್ ತಲುಪಿತು. ಎದುರಿಗೆ ಒರ್ಲ್ಯಾಂಡೊ ಸಿಟಿ. ಮೊದಲ 70 ನಿಮಿಷ ಗೋಲು ಬಿಟ್ಟುಕೊಡಲಿಲ್ಲ. ಕೊನೆಗೆ 3-0 ಸೋತಿತು. ಎಂಎಲ್‌ಎಸ್ ಹುಟ್ಟಿದ ಮೇಲೆ ಆ ಕಪ್ ಎತ್ತಿದ ಕೆಳದರ್ಜೆಯ ತಂಡ ಇವತ್ತಿಗೂ ರೈನೋಸ್ ಒಂದೇ.