ವಾಯುಪಡೆಯವರಿಗೆ ಪರಮವೀರ ಚಕ್ರ ಕೊಡುವುದಿಲ್ಲವಾ?

ಪ್ರಶ್ನೆ: ನಮ್ಮದು ಬೀದರ್. ಬೆಳಗಾದರೆ ತಲೆ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳ ಸದ್ದು. ಆಕಾಶದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡವೂ ಇಲ್ಲಿಯದೇ. ಆದರೆ ಪರಮವೀರ ಚಕ್ರದ ಹೆಸರುಗಳನ್ನು ನೋಡಿದರೆ ಹೆಚ್ಚುಕಮ್ಮಿ ಎಲ್ಲರೂ ಭೂಸೇನೆಯವರೇ. ಯಾಕೆ ಹೀಗೆ?

ಉತ್ತರ: ನಿಯಮದಲ್ಲಿ ಅಡ್ಡಿಯೇನಿಲ್ಲ. ಮೂರೂ ಪಡೆಗಳ ಯಾವ ದರ್ಜೆಯವರಿಗಾದರೂ ಕೊಡಬಹುದು. ಶತ್ರುವಿನ ಎದುರು ತೋರಿದ ಶೌರ್ಯವಾಗಿರಬೇಕು, ಅಷ್ಟೇ. ಬಾಹ್ಯಾಕಾಶಕ್ಕೆ ಹೋಗಿ ಬಂದ ವಾಯುಪಡೆಯ ರಾಕೇಶ್ ಶರ್ಮಾ ಅವರಿಗೆ ಪರಮವೀರದ ಬದಲು, ಶತ್ರುವಿನ ಎದುರಲ್ಲದ ಶೌರ್ಯಕ್ಕೆ ಕೊಡುವ ಅಶೋಕ ಚಕ್ರ ಸಿಕ್ಕಿದ್ದು ಅದಕ್ಕೇ. ಅಲ್ಲಿ ಶತ್ರು ಎಲ್ಲಿದ್ದ? ಆದರೂ ಈವರೆಗಿನ 21 ಪರಮವೀರ ಚಕ್ರಗಳಲ್ಲಿ ವಾಯುಪಡೆಗೆ ಬಂದದ್ದು ಒಂದೇ. ನೌಕಾಪಡೆಗೆ ಅದೂ ಇಲ್ಲ.

ಆ ಒಬ್ಬರು ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋಂ. 1971ರ ಡಿಸೆಂಬರ್ 14ರಂದು ಪಾಕಿಸ್ತಾನದ ಆರು ಸೇಬರ್ ವಿಮಾನಗಳು ಶ್ರೀನಗರದ ವಾಯುನೆಲೆಗೆ ಮುಗಿಬಿದ್ದವು. ಬಾಂಬು ಬೀಳುತ್ತಿದ್ದಾಗಲೇ ಸೆಖೋಂ ತಮ್ಮ ನ್ಯಾಟ್ ವಿಮಾನವನ್ನು ಮೇಲೆಬ್ಬಿಸಿದರು. (ಈ ಪುಟ್ಟ ನ್ಯಾಟ್‌ಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ಕೂಡ ತಯಾರಿಸುತ್ತಿತ್ತು.) ಒಂದು ಸೇಬರ್‌ಗೆ ಗುಂಡು ತಗುಲಿತು, ಇನ್ನೊಂದಕ್ಕೆ ಬೆಂಕಿ ಹತ್ತಿತು ಎನ್ನುತ್ತದೆ ಪ್ರಶಸ್ತಿಪತ್ರ. ಅಷ್ಟರಲ್ಲಿ ಉಳಿದ ನಾಲ್ಕು ಬಂದು ಮುತ್ತಿದವು. ಮರದ ತುದಿಯಷ್ಟೇ ಎತ್ತರದಲ್ಲಿ, ಒಬ್ಬರೇ, ನಾಲ್ವರ ಜೊತೆ ಸೆಣಸಿದರು. ಕೊನೆಗೆ ವಿಮಾನ ಬಿತ್ತು. ಸೆಖೋಂ ಉಳಿಯಲಿಲ್ಲ.

ವಾಯುಪಡೆಗೆ ಒಂದೇ ಯಾಕೆ? ಧೈರ್ಯ ಕಮ್ಮಿ ಅಂತಲ್ಲ. ನನಗನಿಸುವಂತೆ, ಆಕಾಶದಲ್ಲಿ ನಡೆದದ್ದಕ್ಕೆ ಸಾಕ್ಷಿ ಸಿಗುವುದು ಕಷ್ಟ. ಸೆಖೋಂ ಹೋರಾಡಿದ್ದು ನಮ್ಮದೇ ನೆಲೆಯ ಮೇಲೆ, ಅವರ ಮಾತು ರೇಡಿಯೋದಲ್ಲಿ ಕೆಳಗಿನವರಿಗೆ ಕೇಳುತ್ತಿತ್ತು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರಿಗೆ ಆ ಅದೃಷ್ಟವೂ ಇರಲಿಲ್ಲ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಗೆ ಹೋದವರು ವಾಪಸ್ ಬರಲಿಲ್ಲ. ಅಲ್ಲಿ ಅವರು ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಎಷ್ಟೋ ಜಾಸ್ತಿ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಒಂದನ್ನು ಹೊಡೆದು ಕೆಡವಿದ್ದರು. ಆ ವಿಮಾನದ ಪೈಲಟ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ನಮ್ಮ ಕಡೆ ಇದನ್ನು ಕಂಡವರು ಯಾರೂ ಇಲ್ಲ! ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬ್ರಿಟಿಷ್ ಲೇಖಕರೊಬ್ಬರು ಬರೆದ ಮೇಲಷ್ಟೇ ಇದು ಇಲ್ಲಿ ಗೊತ್ತಾಯಿತು. 1988ರಲ್ಲಿ ಮಹಾವೀರ ಚಕ್ರ ಕೊಟ್ಟರು. ಪರಮವೀರದ ನಂತರದ ಗೌರವ ಅದು. 23 ವರ್ಷ ತಡವಾಗಿ.

ಹಾಗಾಗಿ ಪರಮವೀರ ಚಕ್ರದ ಹೆಸರುಗಳನ್ನಷ್ಟೇ ನೋಡಿ ಲೆಕ್ಕ ಹಾಕಬೇಡಿ. ಮಹಾವೀರ ಚಕ್ರ, ವೀರ ಚಕ್ರ ಪಡೆದವರನ್ನೂ ನೋಡಿ. ಅಲ್ಲಿ ಪೈಲಟ್‌ಗಳು ಬೇಕಾದಷ್ಟು ಸಿಗುತ್ತಾರೆ. 2019ರಲ್ಲಿ ಪಾಕಿಸ್ತಾನದ ಜೊತೆ ನಡೆದ ವಿಮಾನ ಕಾಳಗದ ಅಭಿನಂದನ್ ವರ್ಧಮಾನ್ ಅವರದ್ದೂ ವೀರ ಚಕ್ರವೇ.