ಸೆಪ್ಟೆಂಬರಿನ ಹಾಜರಿ, ನವೆಂಬರಿನ ಗುಳೆ

ಅಪ್ಪ-ಅವ್ವ ಗುಳೆ ಹೋದಾಗ ಮಕ್ಕಳು ಊರಲ್ಲೇ ಉಳಿದು ಓದಲೆಂದು ಇರುವ ಋತುಮಾನದ ವಸತಿ ಕೇಂದ್ರಗಳ ಹಣಕ್ಕೆ ಕತ್ತರಿ ಬೀಳುತ್ತಿದೆ. ಕೊಡುವ ಕಾರಣ ಎರಡು: "ಬೇಡಿಕೆ ಇಲ್ಲ", "ಹಣ ಖರ್ಚಾಗಿಲ್ಲ". ಶಾಲೆಗಳ ಅಂಕಿಅಂಶ ಕಲೆಹಾಕುವ ಯು-ಡೈಸ್‌ಗೆ ಬಹುಕಾಲ ಲೆಕ್ಕದ ದಿನ ಸೆಪ್ಟೆಂಬರ್ 30. ವಿಜಯಪುರ ಜಿಲ್ಲೆಯ ತಾಂಡಾಗಳಲ್ಲಿ ಅಂದು ಮಕ್ಕಳು ಪಾಟಿಚೀಲ ಹೊತ್ತು ಶಾಲೆಯಲ್ಲೇ ಇರುತ್ತಾರೆ. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವುದು ಅಕ್ಟೋಬರ್ ಕೊನೆಗೆ, ಇಲ್ಲವೇ ನವೆಂಬರಿನಲ್ಲಿ. ಮುಂಗಡ ಕೊಟ್ಟು ಕೂಲಿಗಳನ್ನು ಕರೆದೊಯ್ಯುವ ಮುಕಾದಮನ ಟ್ರ್ಯಾಕ್ಟರ್ ಬಂತೆಂದರೆ ಅಪ್ಪ-ಅವ್ವನ ಜೊತೆ ಮಗುವೂ ಹತ್ತಿತು. ಮರಳುವುದು ಮಾರ್ಚ್ ಹೊತ್ತಿಗೆ. ಕಾಗದದಲ್ಲಿ ಮಾತ್ರ ಅದು ಶಾಲೆ ಬಿಟ್ಟ ಮಗುವಲ್ಲ. ವಸತಿ ಕೇಂದ್ರಗಳಿಗೆ "ಬೇಡಿಕೆ ಇಲ್ಲ" ಎಂಬ ವಾದ ಹುಟ್ಟುವುದು ಈ ಲೆಕ್ಕದಿಂದಲೇ.

"ಹಣ ಖರ್ಚಾಗಿಲ್ಲ" ಎಂಬ ಇನ್ನೊಂದು ವಾದ ಇದಕ್ಕಿಂತ ಮೋಸದ್ದು. ಕೇಂದ್ರ ತೆರೆಯಬೇಕಾದದ್ದು ಕಬ್ಬು ಕಡಿಯುವ ಗ್ಯಾಂಗು ಹೊರಡುವ ವಾರ ಮೊದಲು. ಹಣ ಜನವರಿಯಲ್ಲಿ ಬಂದರೆ ಮಕ್ಕಳು ಆಗಲೇ ಹೊಲದ ಗುಡಿಸಲಿನಲ್ಲಿ. ಹತ್ತು ವರ್ಷದ ಹುಡುಗಿಯ ಕಂಕುಳಲ್ಲಿ ತಮ್ಮ. ಕೇಂದ್ರ ಅರ್ಧ ಖಾಲಿ, ಮಾರ್ಚ್ 31ಕ್ಕೆ ಹಣ ವಾಪಸ್, ಮುಂದಿನ ವರ್ಷ ಅದೇ ಕಾರಣಕ್ಕೆ ಕಡಿತ. ಹಣ ಕಡಿಮೆಯಾದಾಗ ಮೊದಲು ಬಿಡಿಸುವುದು ರಾತ್ರಿ ಉಳಿಯುವ ಮೇಲ್ವಿಚಾರಕಿಯನ್ನು. ಹೆಂಗಸಿಲ್ಲದ ಕಡೆ ಯಾವ ತಾಯಿಯೂ ಮಗಳನ್ನು ಬಿಟ್ಟು ಹೋಗುವುದಿಲ್ಲ. ಅಲ್ಲಿಗೆ ಕೇಂದ್ರ ಗಂಡುಹುಡುಗರದಷ್ಟೇ ಆಗುತ್ತದೆ.

ಮಹಾರಾಷ್ಟ್ರಕ್ಕೆ ಹೋದ ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಅದರ ಮೇಲೆ ನಾಲ್ಕು ತಿಂಗಳ ಮರಾಠಿ!

2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ, ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಕೇಂದ್ರ ಸರ್ಕಾರದ ಮಾದರಿ ನಿಯಮದಲ್ಲಿ ಇದರ ಅವಧಿ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷ. ಅಕ್ಷರ ಗುರುತಿಸುವವರು, ಪದ ಓದುವವರು, ವಾಕ್ಯ ಓದುವವರು ಎಂದು ಗುಂಪು ಮಾಡಿ ಕಲಿಸಬೇಕಾದ ಕೆಲಸವಿದು. ಶಿಕ್ಷಕರನ್ನು ಕೊಡದೆ ಆರನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದರೆ ಆ ಮಗು ಮತ್ತೆ ದುಡಿಮೆಗೇ ಹೋಗುತ್ತದೆ. 1988ರಲ್ಲಿ ಶುರುವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯಡಿ 9ರಿಂದ 14 ವರ್ಷದವರಿಗೆ ಪ್ರತ್ಯೇಕ ಕೇಂದ್ರಗಳಿದ್ದವು, ತಿಂಗಳಿಗೆ 400 ರೂಪಾಯಿ ಭತ್ಯೆಯಿತ್ತು. 2021ರಲ್ಲಿ ಆ ಯೋಜನೆ, ಋತುಮಾನದ ವಸತಿ ಕೇಂದ್ರಗಳಿಗೂ ಹಣ ಕೊಡುವ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಣದಲ್ಲಿ ವಿಲೀನವಾಯಿತು. ಹೀಗಾಗಿ ಈಗಿನ ಕಡಿತ ಬೀಳುವುದು ಉಳಿದಿರುವ ಆಸರೆಯ ಮೇಲೆಯೇ.

ಶಾಲೆಯ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಕೂಡಲೇ ಮಾಡಬಹುದಾದದ್ದಿದೆ. ಸೆಪ್ಟೆಂಬರಿನಲ್ಲೇ ಮನೆಮನೆಗೆ ಹೋಗಿ ಪಟ್ಟಿ ಮಾಡಿ: ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ (ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆ), ಹೋಗುವ ಊರು, ಮರಳುವ ತಿಂಗಳು, ಊರಲ್ಲಿ ಉಳಿಯುವ ಅಜ್ಜ-ಅಜ್ಜಿ ಇದ್ದಾರೆಯೇ. ಅಜ್ಜಿ ಇದ್ದರೆ ಎಷ್ಟೋ ಸಲ ವಸತಿಯೇ ಬೇಕಾಗುವುದಿಲ್ಲ, ಬೆಳಗಿನ ಮತ್ತು ರಾತ್ರಿಯ ಊಟದ ವ್ಯವಸ್ಥೆ ಸಾಕು, ಖರ್ಚೂ ಕಡಿಮೆ. ಪಟ್ಟಿಯನ್ನು ಗ್ರಾಮಸಭೆಯ ಠರಾವಿನ ಜೊತೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮತ್ತು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಜಿಲ್ಲೆಯ ವಾರ್ಷಿಕ ಕಾರ್ಯಯೋಜನೆ ಸಿದ್ಧವಾದ ಮೇಲೆ ಕೊಟ್ಟರೆ ಅದು ಕಡತದಲ್ಲೇ ಉಳಿಯುತ್ತದೆ. ಒಂದು ಪ್ರತಿ ಶಾಲೆಯಲ್ಲಿರಲಿ. "ಮಕ್ಕಳೆಲ್ಲಿದ್ದಾರೆ?" ಎಂದು ಕೇಳಿದವರ ಮುಂದೆ ನವೆಂಬರಿನ ಹಾಜರಿ ಪುಸ್ತಕದ ಜೊತೆ ಅದನ್ನೂ ಇಡಿ.