ಪೆಡ್: ಲ್ಯಾಟಿನ್ನಿನ ಪಾದದಿಂದ ಬಂದ ಇಂಗ್ಲಿಷ್ ಪದಗಳು

ಲ್ಯಾಟಿನ್ನಿನಲ್ಲಿ ಪಾದಕ್ಕೆ ‘ಪೇಸ್’ ಎನ್ನುತ್ತಾರೆ. ವಿಭಕ್ತಿ ಹತ್ತಿದರೆ ‘ಪೆಡಿಸ್’. ಇಂಗ್ಲಿಷಿಗೆ ಇಳಿದದ್ದು ಈ ಎರಡನೆಯ ರೂಪದ ‘ಪೆಡ್’. ಸಂಸ್ಕೃತದ ‘ಪಾದ’, ಟ್ರೈಪಾಡ್‌ನಲ್ಲಿರುವ ಗ್ರೀಕಿನ ‘ಪಾಡ್’, ಇಂಗ್ಲಿಷಿನದೇ ಆದ ‘ಫುಟ್’ ಮೂರೂ ಇದರ ದಾಯಾದಿಗಳು. ಇಂಗ್ಲಿಷಿನಲ್ಲಿ ಪಕಾರ ಫಕಾರವಾಯಿತು, ದಕಾರ ಟಕಾರವಾಯಿತು. ಪಿತೃ–ಫಾದರ್, ದಶ–ಟೆನ್ ಜೋಡಿಗಳಲ್ಲೂ ಇದೇ ನಿಯಮ. ಕನ್ನಡದ ‘ಅಡಿ’, ‘ಕಾಲು’ ದ್ರಾವಿಡ ಮೂಲದವು, ಈ ಲೆಕ್ಕಕ್ಕೆ ಬರುವುದಿಲ್ಲ.

ಸುಲಭದವನ್ನು ಬೇಗ ಮುಗಿಸೋಣ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು ಕಾಲಿನಿಂದ ಒತ್ತುವುದು ಪೆಡಲ್. ರಾಯಚೂರಿನ ಬಿಸಿಲಿಗೆ ಬಿಡುವಿಲ್ಲದೆ ತಿರುಗುವ ಸ್ಟ್ಯಾಂಡ್ ಫ್ಯಾನು ಪೆಡೆಸ್ಟಲ್ ಫ್ಯಾನ್. ರಸ್ತೆಯಲ್ಲಿ ನಡೆದು ಹೋಗುವವರು ಪೆಡೆಸ್ಟ್ರಿಯನ್. ಇದೇ ಪದ ಗುಣವಾಚಕವಾದರೆ ‘ಸಪ್ಪೆ, ನೀರಸ’ ಎಂಬ ಅರ್ಥವೂ ಉಂಟು, ಎಡವುವುದು ಅಲ್ಲೇ. ಸೆಂಟಿಪೀಡ್ ಎಂಬ ಹೆಸರು ನಂಬಿ ಜರಿಯ ಕಾಲು ನೂರು ಎನ್ನಬೇಡಿ. ಅದರ ಕಾಲುಗಳು ಜಾತಿಗೆ ತಕ್ಕಂತೆ 15ರಿಂದ 191 ಜೋಡಿ, ಜೋಡಿಗಳ ಎಣಿಕೆ ಬೆಸವೇ. 100 ಕಾಲು ಬೇಕೆಂದರೆ 50 ಜೋಡಿ ಆಗಬೇಕು, ಅದು ಸಮಸಂಖ್ಯೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ಇಂಪೀಡ್–ಎಕ್ಸ್‌ಪಿಡೈಟ್ ಜೋಡಿಗೆ. ಇಂಪೀಡ್‌ನ ‘ಇಂ’ ಅನ್ನು ಇಂಪಾಸಿಬಲ್‌ನಲ್ಲಿರುವ ನಿಷೇಧದ ‘ಇಂ’ ಎಂದು ಓದಿದರೆ ಅರ್ಥ ಕೆಡುತ್ತದೆ. ಇಲ್ಲಿ ಅದು ‘ಒಳಗೆ’. ಕಾಲನ್ನು ಸಂಕೋಲೆಯೊಳಗೆ ಸಿಕ್ಕಿಸುವುದು ಮೂಲಾರ್ಥ. ನಮ್ಮ ‘ಅಡ್ಡಗಾಲು ಹಾಕು’ ನೆನಪಿಟ್ಟರೆ ಸಾಕು. ‘ಎಕ್ಸ್’ ಎಂದರೆ ಹೊರಗೆ. ಸಂಕೋಲೆಯಿಂದ ಕಾಲು ಬಿಡಿಸಿದರೆ ಕೆಲಸ ಚುರುಕಾಗುತ್ತದೆ, ಅದೇ ಎಕ್ಸ್‌ಪಿಡೈಟ್. ರೋಮನ್ ಸೈನ್ಯದ ಸಾಮಾನು ಸರಂಜಾಮಿಗೆ ‘ಇಂಪೆಡಿಮೆಂಟಾ’ ಎಂದೇ ಹೆಸರಿತ್ತು, ನಡಿಗೆ ತಡೆಯುವುದು ಅದೇ ತಾನೆ! ಅಧಿಕಾರದಲ್ಲಿರುವವರ ಮೇಲೆ ದೋಷ ಹೊರಿಸುವ ಇಂಪೀಚ್ ಕೂಡ ಕಾಲಿನ ಬೇಡಿಯಿಂದಲೇ ಹುಟ್ಟಿದ್ದು, ಫ್ರೆಂಚ್ ಸುತ್ತಿ ಬಂದಿದೆ.

ಬಳಕೆಯಲ್ಲಿ ಎರಡು ತಪ್ಪು ಸಾಮಾನ್ಯ. ಈ ಎರಡೂ ಕ್ರಿಯಾಪದಗಳಿಗೆ ಕರ್ಮ ನೇರವಾಗಿ ಹತ್ತುತ್ತದೆ: ‘ಇಂಪೀಡ್ ದ ವರ್ಕ್’ ಸರಿ, ನಡುವೆ ‘ಟು’ ತುರುಕಬಾರದು. ಇನ್ನೊಂದು, ಎಕ್ಸ್‌ಪೀಡಿಯೆಂಟ್ ಮತ್ತು ಎಕ್ಸ್‌ಪಿಡಿಷಸ್ ಅದಲುಬದಲಾಗುವುದು. ಮೊದಲನೆಯದು ನ್ಯಾಯವೋ ಅಲ್ಲವೋ, ಸದ್ಯಕ್ಕೆ ಅನುಕೂಲವಾದದ್ದು. ಎರಡನೆಯದು ತಡವಿಲ್ಲದೆ ಆದದ್ದು.

ತಹಶೀಲ್ದಾರ್ ಕಚೇರಿಯ ಪ್ಯೂನ್ ಕೂಡ ಈ ಮನೆತನದವನೇ. ಮಧ್ಯಕಾಲದ ಲ್ಯಾಟಿನ್ನಿನಲ್ಲಿ ‘ಪೆಡೊ’ ಎಂದರೆ ಕಾಲಾಳು, ಪೋರ್ಚುಗೀಸರ ಬಾಯಲ್ಲಿ ಅದು ‘ಪಿಯಾವ್’. ಕೃಷ್ಣದೇವರಾಯ 1520ರಲ್ಲಿ ಗೆದ್ದ ರಾಯಚೂರು ಯುದ್ಧವನ್ನು ವಿವರವಾಗಿ ಬರೆದಿಟ್ಟ ಪ್ರವಾಸಿ ನುನಿಜ್‌ನ ಭಾಷೆ ಅದು. ಚೆಸ್ಸಿನ ಪಾನ್ ಇದೇ ಮೂಲದ್ದು. ಸೈನ್ಯದ ಮುಂದೆ ಹೋಗಿ ದಾರಿ ಕಡಿಯುತ್ತಿದ್ದ ಕಾಲಾಳು ಪಯನಿಯರ್ ಆದ.

ಇನ್ನು ಮೋಸದ ಪೆಡ್‌ಗಳು. ಪೀಡಿಯಾಟ್ರಿಕ್ಸ್, ಪೆಡಗಾಜಿ ಪದಗಳಲ್ಲಿರುವುದು ಗ್ರೀಕಿನ ‘ಮಗು’. ಕಾಲು ಮುರಿದವರು ಹೋಗುವ ವಿಭಾಗವಾದ್ದರಿಂದ ಆರ್ಥೊಪೀಡಿಕ್ಸ್‌ನಲ್ಲಿರುವುದು ಕಾಲು ಎಂದುಕೊಳ್ಳುತ್ತೇವೆ, ಅಲ್ಲ. ಫ್ರಾನ್ಸಿನ ವೈದ್ಯ ನಿಕೋಲಾ ಆಂದ್ರಿ 1741ರಲ್ಲಿ ಈ ಪದ ಕಟ್ಟಿದ್ದು ಮಕ್ಕಳ ಅಂಗಗಳ ಸೊಟ್ಟ ನೇರ ಮಾಡುವುದಕ್ಕೆ. ಗುರುತು ಹಿಡಿಯಲು ಕಾಗುಣಿತ ನೋಡಿ: ಬ್ರಿಟಿಷ್ ಬರವಣಿಗೆಯಲ್ಲಿ ಪಿ, ಎ, ಇ, ಡಿ ಇದ್ದರೆ ಮಗು. ಅಮೆರಿಕದವರು ಆ ‘ಎ’ ಕಿತ್ತುಹಾಕುತ್ತಾರೆ, ಪೆಡಗಾಜಿಯಲ್ಲಿ ಬ್ರಿಟಿಷರೂ ಬರೆಯುವುದಿಲ್ಲ. ಅಲ್ಲಿ ಈ ಉಪಾಯ ನಡೆಯದು.

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಓದುವವರಿಗೆ ಮೂರನೆಯದೂ ಎದುರಾಗುತ್ತದೆ: ಗ್ರೀಕಿನ ‘ಪೆಡಾನ್’, ಅಂದರೆ ನೆಲ. ಅದರಿಂದ ಮಣ್ಣಿನ ಅಧ್ಯಯನ ಪೆಡಾಲಜಿ. ಮಕ್ಕಳ ಅಧ್ಯಯನಕ್ಕೂ ಅಮೆರಿಕದ ಕಾಗುಣಿತದಲ್ಲಿ ಇದೇ ಅಕ್ಷರಗಳು. ಆಗ ವಾಕ್ಯವನ್ನೇ ಕೇಳಬೇಕು: ಎರೆ, ಮಸಾರಿ, ಸವಳು ಎಂಬ ಮಾತು ಅಕ್ಕಪಕ್ಕ ಇದ್ದರೆ ಮಣ್ಣು, ಬೆಳವಣಿಗೆ, ನಡವಳಿಕೆ ಎಂದಿದ್ದರೆ ಮಗು.